ಮೂಲಂಗಿ, ಕೋಸು, ಬೀಟ್ರೂಟ್ ಎಲೆ: ಬಸಿದ ನೀರು ಸಾರಿಗೋ, ಗಿಡಕ್ಕೋ?

ಹಿತ್ತಲಮನೆ, ಅರಕಲಗೂಡು

ಸಂತೆಯಲ್ಲಿ ಮೂಲಂಗಿ ಕಟ್ಟು ಎತ್ತಿಕೊಂಡರೆ ಸಾಕು, "ಸೊಪ್ಪು ಮುರೀಲಾ?" ಅಂತಾರೆ. ಉತ್ತರ ಬರೋ ಮೊದಲೇ ಮುರಿದು ಬುಟ್ಟಿ ಪಕ್ಕಕ್ಕೆ ಎಸೆದಿರುತ್ತಾರೆ. ಹೂಕೋಸಿನ ಎಲೆ, ನವಿಲುಕೋಸಿನ ಎಲೆ, ಬೀಟ್ರೂಟ್ ಸೊಪ್ಪು, ಕ್ಯಾರೆಟ್ ಜುಟ್ಟು, ಎಲ್ಲಕ್ಕೂ ಇದೇ ಗತಿ. ಸಂತೆ ಎದ್ದ ಮೇಲೆ ದನ ತಿಂದಷ್ಟು ತಿಂದು, ಮಿಕ್ಕಿದ್ದು ಕೊಳೆಯುತ್ತೆ.

ಗಡ್ಡೆಗಿಂತ ಎಲೆಯಲ್ಲೇ ಸತ್ವ ಜಾಸ್ತಿ ಅನ್ನೋ ವಾಟ್ಸಾಪ್ ಸಂದೇಶ ಎಲ್ಲರಿಗೂ ಬಂದಿರುತ್ತೆ. ಯಾವ ಎಲೆಯಲ್ಲಿ ಯಾವ ಸತ್ವ, ಬೇಯಿಸಿದರೆ ಅದರಲ್ಲಿ ಎಷ್ಟು ಉಳಿಯುತ್ತೆ ಅಂತ ಮಾತ್ರ ಅದರಲ್ಲಿ ಇರೋದಿಲ್ಲ. ನಮ್ಮ ಕಡೆ ಸೊಪ್ಪು ಅಂದರೆ ಬಸ್ಸಾರು. ಬೇಯಿಸಿ ಬಸಿದು, ನೀರಿನಲ್ಲಿ ಸಾರು, ಸೊಪ್ಪಿನಲ್ಲಿ ಪಲ್ಯ. ಈ ಎಲೆಗಳಿಗೂ ಅದೇ ಕ್ರಮ ನಡೆಯುತ್ತಾ, ಅಥವಾ ನೀರು ಚೆಲ್ಲಬೇಕಾ? ಗೊತ್ತಿರೋರು ಬಿಡಿಸಿ ಹೇಳಿ.

ರಸಾಯನದ ಮೇಷ್ಟ್ರು, ಹಾಸನ

ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ, ಯಾಕಂದ್ರೆ ನೀವು ಒಂದೇ ಸಾಲಿನಲ್ಲಿ ಬರೆದ ಎಲೆಗಳು ಮೂರು ಬೇರೆ ಬೇರೆ ಕುಟುಂಬದವು.

ಮೂಲಂಗಿ, ಹೂಕೋಸು, ಎಲೆಕೋಸು, ನವಿಲುಕೋಸು ಇವೆಲ್ಲ ಸಾಸಿವೆ ಕುಟುಂಬ. ಇವುಗಳ ವಿಶೇಷ ಗ್ಲುಕೋಸಿನೋಲೇಟ್ ಅನ್ನೋ ಗಂಧಕದ ಸಂಯುಕ್ತಗಳು. ಮೂಲಂಗಿ ಕಚ್ಚಿದಾಗ ಮೂಗಿಗೆ ಏರುವ ಘಾಟು ಇದರಿಂದ ಹುಟ್ಟಿದ್ದೇ. ಜೊತೆಗೆ ಕ್ವೆರ್ಸೆಟಿನ್, ಕೆಂಫೆರಾಲ್ ಜಾತಿಯ ಫ್ಲೇವನಾಯ್ಡ್ ಅನ್ನೋ ಸಸ್ಯಸತ್ವಗಳು ಬಿಸಿಲು ಬೀಳುವ ಎಲೆಯಲ್ಲಿ ಹೆಚ್ಚು, ಮಣ್ಣೊಳಗಿನ ಗಡ್ಡೆಯಲ್ಲಿ ಕಡಿಮೆ. ವಿಟಮಿನ್ ಸಿ ಕೂಡ ಮೂಲಂಗಿ ಗಡ್ಡೆಗಿಂತ ಎಲೆಯಲ್ಲೇ ಜಾಸ್ತಿ. ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ, ಮೂತ್ರಪಿಂಡದ ಕಲ್ಲಿಗೂ ಕಾರಣವಾಗೋ ಆಕ್ಸಲೇಟ್ ಮಾತ್ರ ಈ ಕುಟುಂಬದ ಸೊಪ್ಪಿನಲ್ಲಿ ಕಡಿಮೆ. ಇದನ್ನ ನೆನಪಿಟ್ಟುಕೊಳ್ಳಿ.

ಬೀಟ್ರೂಟ್ ಸೊಪ್ಪು ಪಾಲಕ್, ದಂಟಿನ ಸೊಪ್ಪು, ಚಕ್ಕೋತದ ಸೊಪ್ಪಿನ ನೆಂಟ. ಲ್ಯೂಟಿನ್, ಬೀಟಾ ಕ್ಯಾರೋಟಿನ್, ವಿಟಮಿನ್ ಕೆ ಧಾರಾಳ. ಬೀಟ್ರೂಟ್ ದಂಟಿನ ಕೆಂಪು ಬೀಟಾಲೈನ್ ಅನ್ನೋ ಬಣ್ಣದಿಂದ ಬಂದದ್ದು. ಇಲ್ಲಿ ಆಕ್ಸಲೇಟ್ ಮಾತ್ರ ಪಾಲಕ್ ಮಟ್ಟಕ್ಕೇ ಇರುತ್ತೆ.

ಕ್ಯಾರೆಟ್ ಜುಟ್ಟು ಕೊತ್ತಂಬರಿ ಕುಟುಂಬ. ಕಹಿಯಾದ ಸೊಪ್ಪು. ಲ್ಯೂಟಿಯೋಲಿನ್ ಅನ್ನೋ ಫ್ಲೇವನಾಯ್ಡ್, ಲ್ಯೂಟಿನ್, ಪೊಟ್ಯಾಸಿಯಂ ಇದರಲ್ಲಿ ಇವೆ. "ವಿಷ" ಅಂತ ಕೆಲವರು ಹೆದರಿಸ್ತಾರೆ, ಹಾಗೇನಿಲ್ಲ.

ಬಸಿದ ನೀರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸಾಸಿವೆ ಕುಟುಂಬದ್ದಾದರೆ ನೀರು ಸಾರಿಗೆ. ಪಾಲಕ್ ಕುಟುಂಬದ್ದಾದರೆ ನೀರು ಗಿಡಕ್ಕೆ.

ಪಥ್ಯದಕ್ಕ, ಕಡೂರು

ಮೇಷ್ಟ್ರು ಹೇಳಿದ್ದಕ್ಕೆ ಲೆಕ್ಕ ಕೊಡ್ತೀನಿ. ಒಂದು ಸೊಪ್ಪಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅನ್ನೋದಕ್ಕಿಂತ ಅದರಲ್ಲಿ ಮೈಗೆ ಎಷ್ಟು ಸೇರುತ್ತೆ ಅನ್ನೋದು ಮುಖ್ಯ. ಪಾಲಕ್‌ನ ಕ್ಯಾಲ್ಸಿಯಂನಲ್ಲಿ ಸುಮಾರು 5% ಮಾತ್ರ ಹೀರಿಕೆ ಆಗುತ್ತೆ, ಉಳಿದದ್ದನ್ನ ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತೆ. ಕೋಸಿನ ಹತ್ತಿರದ ನೆಂಟ ಕೇಲ್ ಸೊಪ್ಪಿನಲ್ಲಿ ಅದೇ ಹೀರಿಕೆ ಸುಮಾರು 40%. ಹಾಲಿಗಿಂತಲೂ ಸ್ವಲ್ಪ ಮೇಲೇ. ಕೇಲ್ ಅಂತ ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತರೋರು ನವಿಲುಕೋಸಿನ ಎಲೆ ಮುರಿದು ಎಸೀತಾರೆ. ಎರಡೂ ಒಂದೇ ಜಾತಿಯ ಗಿಡ, ಬೇರೆ ಬೇರೆ ತಳಿ ಅಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಪಟ್ಟಿ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು ಒಗ್ಗದವರು ವಾರದಲ್ಲಿ ಮೂರು ದಿನ ಮೂಲಂಗಿ, ನವಿಲುಕೋಸು, ಹೂಕೋಸಿನ ಎಲೆ ಮಾಡಿಕೊಂಡರೆ ಅದು ಲೆಕ್ಕಕ್ಕೆ ಬರೋ ಪ್ರಮಾಣ. ಬೀಟ್ರೂಟ್ ಸೊಪ್ಪನ್ನ ಕ್ಯಾಲ್ಸಿಯಂಗೆ ಅಂತ ತಿನ್ನಬೇಡಿ. ಕಣ್ಣಿಗೆ ಒಳ್ಳೇದು ಮಾಡುವ ಲ್ಯೂಟಿನ್‌ಗೆ ಅಂತ ತಿನ್ನಿ.

ಹಿತ್ತಲಮನೆ, ಅರಕಲಗೂಡು

ಹೂಕೋಸಿನ ಎಲೆಯಲ್ಲಿ 100 ಗ್ರಾಂಗೆ 40 ಮಿಲಿಗ್ರಾಂ ಕಬ್ಬಿಣ ಅಂತ ಒಂದು ಕಡೆ ಓದಿದ ನೆನಪು. ಅಷ್ಟಿದ್ದರೆ ಮಾತ್ರೆಯೇ ಬೇಡವಲ್ಲ ಅಕ್ಕ?

ಪಥ್ಯದಕ್ಕ, ಕಡೂರು

ಆ ಅಂಕಿ ಹಳೆಯ ಆಹಾರ ಪಟ್ಟಿಯದು. ಅದನ್ನ ನೆಚ್ಚಿಕೊಂಡು ಮಾತ್ರೆ ಬಿಡಬೇಡಿ. ಸೊಪ್ಪಿಗೆ ಅಂಟಿದ ಮಣ್ಣಿನ ಕಣ ಪರೀಕ್ಷೆಯೊಳಗೆ ಸೇರಿದರೆ ಕಬ್ಬಿಣದ ಅಂಕಿ ಉಬ್ಬುತ್ತೆ, ಆದರೆ ಆ ಕಬ್ಬಿಣ ಮೈಗೆ ಹಿಡಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊಸ ಪಟ್ಟಿ ಹೊರತಂದಾಗ ಸೊಪ್ಪುಗಳ ಕಬ್ಬಿಣದ ಅಂಕಿಗಳು ಸಾಕಷ್ಟು ಕೆಳಗಿಳಿದವು. ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ. ಅದರಲ್ಲಿ ಒಂದು ಪಾಲು ಸೊಪ್ಪಿನಿಂದ ಬರುತ್ತೆ, ಪೂರ್ತಿ ಬರಲ್ಲ.

ಇನ್ನೊಂದು ಮಾತು, ನಮ್ಮ ಜಿಲ್ಲೆಯವರಿಗೆ ಹಿಡಿಸದ ಮಾತು: ಊಟದ ಜೊತೆಗೋ ಊಟ ಆದ ತಕ್ಷಣವೋ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣದ ಹೀರಿಕೆ ಗಣನೀಯವಾಗಿ ಇಳಿಯುತ್ತೆ. ಟೀ ಆದರೆ ಇನ್ನೂ ಜಾಸ್ತಿ. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕಾಫಿಯನ್ನ ಊಟದಿಂದ ಒಂದೆರಡು ಗಂಟೆ ದೂರ ಇಡಿ.

ಕಳಸದ ಅಡುಗೆಮನೆ

ಅಷ್ಟೆಲ್ಲ ಸರಿ ಮಾರಾಯ್ರೇ, ಬೇಯಿಸಿದ ಮೇಲೂ ಆ ಘಾಟಿನ ಸತ್ವ ಉಳಿಯುತ್ತಾ ಅಂತ ಮೇಷ್ಟ್ರು ಹೇಳಲೇ ಇಲ್ಲ. ಕುಕ್ಕರಿನಲ್ಲಿ ಎರಡು ವಿಶಲ್ ಕೂಗಿಸಿದರೆ ನವಿಲುಕೋಸಿನ ಎಲೆ ಖಾಕಿ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತೆ. ಮಕ್ಕಳು ತಟ್ಟೆಯನ್ನೇ ದೂಡ್ತಾರೆ.

ರಸಾಯನದ ಮೇಷ್ಟ್ರು, ಹಾಸನ

ಒಳ್ಳೆ ಪ್ರಶ್ನೆ ಅಕ್ಕ. ಈ ವಿಷಯದ ತಿರುಳೇ ಅದು.

ಗ್ಲುಕೋಸಿನೋಲೇಟ್ ಇದ್ದ ಹಾಗೇ ಹೆಚ್ಚೇನೂ ಕೆಲಸ ಮಾಡಲ್ಲ. ಅದನ್ನ ಒಡೆಯೋ ಕಿಣ್ವ ಒಂದಿದೆ, ಮೈರೋಸಿನೇಸ್ ಅಂತ. ಎಲೆಯೊಳಗೆ ಇವೆರಡೂ ಬೇರೆ ಬೇರೆ ಕೋಣೆಯಲ್ಲಿ ಇರುತ್ತವೆ. ಹೆಚ್ಚಿದಾಗ, ಜಜ್ಜಿದಾಗ, ಹುಳ ಕಡಿದಾಗ ಗೋಡೆ ಒಡೆದು ಎರಡೂ ಸೇರ್ತವೆ, ಐಸೋಥಯೋಸಯನೇಟ್ ಹುಟ್ಟುತ್ತೆ. ಘಾಟು ಅದರದ್ದು. ಮೈಯೊಳಗಿನ ರಕ್ಷಣಾ ಕಿಣ್ವಗಳನ್ನ ಚುರುಕು ಮಾಡುತ್ತೆ ಅಂತ ವಿಜ್ಞಾನಿಗಳು ಅಭ್ಯಾಸ ಮಾಡ್ತಿರೋದೂ ಇದನ್ನೇ. ಗಿಡಕ್ಕೆ ಅದು ಹುಳ ಓಡಿಸೋ ಆಯುಧ.

ಕಿಣ್ವಕ್ಕೆ ಬಿಸಿ ಆಗಿಬರಲ್ಲ. ಎಲೆಯನ್ನ ಇಡಿಯಾಗಿ ಕುದಿಯೋ ನೀರಿಗೆ ಹಾಕಿದರೆ ಕಿಣ್ವ ಮೊದಲೇ ಸತ್ತು, ಗ್ಲುಕೋಸಿನೋಲೇಟ್ ಒಡೆಯದೆ ನೀರಿಗೆ ಇಳಿಯುತ್ತೆ. ತಪ್ಪಿಸೋಕೆ ಎರಡು ದಾರಿ.

ಮೊದಲನೆಯದು, ಸಣ್ಣಗೆ ಹೆಚ್ಚಿ 30ರಿಂದ 40 ನಿಮಿಷ ಮಣೆ ಮೇಲೇ ಬಿಟ್ಟು, ಆಮೇಲೆ ಬೇಯಿಸೋದು. ಒಲೆಗೆ ಹೋಗುವ ಮೊದಲೇ ಕಿಣ್ವದ ಕೆಲಸ ಮುಗಿದಿರುತ್ತೆ.

ಎರಡನೆಯದು, ಬೆಂದ ಮೇಲೆ ಹೊರಗಿನಿಂದ ಕಿಣ್ವ ಕೊಡೋದು. ಹಸಿ ಸಾಸಿವೆ ಪುಡಿಯಲ್ಲಿ ಜೀವಂತ ಮೈರೋಸಿನೇಸ್ ಇರುತ್ತೆ. ಬೆಂದ ಬ್ರೊಕೋಲಿಗೆ ಸ್ವಲ್ಪ ಸಾಸಿವೆ ಪುಡಿ ಬೆರೆಸಿದರೆ ಐಸೋಥಯೋಸಯನೇಟ್ ಹಲವು ಪಟ್ಟು ಏರುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. 200 ಗ್ರಾಂ ತರಕಾರಿಗೆ ಒಂದು ಗ್ರಾಂ, ಅಂದರೆ ಅರ್ಧ ಚಮಚಕ್ಕಿಂತ ಕಮ್ಮಿ ಪುಡಿ ಸಾಕು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಈ ಕೆಲಸಕ್ಕೆ ಬಾರದು. ಅದರ ಕಿಣ್ವ ಎಣ್ಣೆಯಲ್ಲೇ ಹೋಯ್ತು.

ಕಳಸದ ಅಡುಗೆಮನೆ

ಹಾಗಾದರೆ ಮಲೆನಾಡಿನವರು ಮಾಡೋ ಸಾಸಿವೆಯೇ ಆಯ್ತಲ್ಲ! ಕಾಯಿ ಜೊತೆ ಹಸಿ ಸಾಸಿವೆ ರುಬ್ಬಿ, ಬೆಂದ ತರಕಾರಿಗೆ ಮೊಸರು ಹಾಕಿ ಕಲಸೋದು. ನವಿಲುಕೋಸಿನ ಎಲೆಗೆ ಅಳತೆ ಹೀಗೆ:

ನಡುದಂಟು ತೆಗೆದ ಎಲೆ 200 ಗ್ರಾಂ. ಸಣ್ಣಗೆ ಹೆಚ್ಚಿ ಬಿಡಿ. ಬಾಣಲೆಗೆ ಮೂರು ದೊಡ್ಡ ಚಮಚ ನೀರು, ಕುದಿ ಬಂದಾಗ ಎಲೆ ಹಾಕಿ ಮುಚ್ಚಿ, ಮೂರರಿಂದ ನಾಲ್ಕು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ತಟ್ಟೆಗೆ ಹರವಿ. ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸಿನಕಾಯಿ, ತಣ್ಣೀರು ಹಾಕಿ ರುಬ್ಬಿ. ಒಂದು ಬಟ್ಟಲು ಗಟ್ಟಿ ಮೊಸರು, ಉಪ್ಪು, ಚೂರು ಬೆಲ್ಲ ಸೇರಿಸಿ. ಒಗ್ಗರಣೆ ಬೇರೆ ಮಾಡಿ ಆರಿಸಿ ಹಾಕಿ.

ಕೆಡೋದು ಎರಡು ಕಡೆ. ಎಲೆ ಬಿಸಿ ಇರುವಾಗಲೇ ಕಲಸಿದರೆ ಮೊಸರು ಒಡೆಯುತ್ತೆ, ಮೇಷ್ಟ್ರ ಲೆಕ್ಕದಲ್ಲಿ ಕಿಣ್ವವೂ ಹೋಗುತ್ತೆ. ಬಿಸಿನೀರು ಹಾಕಿ ರುಬ್ಬಿದರೆ ಘಾಟು ಬರಲ್ಲ, ಕಹಿ ಒಂದೇ ಬರುತ್ತೆ. ಹಿರಿಯರು ತಣ್ಣೀರೇ ಹಾಕಿ ಅಂತಿದ್ದದ್ದು ಸುಮ್ಮನೆ ಅಲ್ಲ ಅಂತಾಯ್ತು.

ರಸಾಯನದ ಮೇಷ್ಟ್ರು, ಹಾಸನ

ಅದೇ. ಕುಕ್ಕರ್ ವಾಸನೆಗೂ ಕಾರಣ ಇಲ್ಲೇ ಇದೆ. ಏಳೆಂಟು ನಿಮಿಷ ದಾಟಿದರೆ ಗಂಧಕದ ಸಂಯುಕ್ತಗಳು ಮತ್ತಷ್ಟು ಮುರಿದು ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಖಾಕಿ ಬಣ್ಣ ಬರೋದು ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಹೋಗೋದರಿಂದ. ಹುಳಿ ತಾಗಿದರೆ ಇನ್ನೂ ಬೇಗ. ಹಸಿರು ಎಲೆಗೆ ಹುಣಸೆಹುಳಿ ಕೊನೆಗೆ ಹಾಕಿ. ಬಣ್ಣ ಉಳಿಸೋಕೆ ಅಡುಗೆ ಸೋಡಾ ಹಾಕೋ ಅಭ್ಯಾಸ ಕೆಲವರಿಗೆ ಇದೆ, ಬಣ್ಣ ಉಳಿಯುತ್ತೆ, ವಿಟಮಿನ್ ಸಿ ಮತ್ತು ಬಿ1 ಹೋಗುತ್ತೆ.

ಬೀಟ್ರೂಟ್ ದಂಟಿಗೆ ಇದರ ತಿರುಗಾಮುರುಗ. ಅದರ ಕೆಂಪು ಹುಳಿಯಲ್ಲಿ ನಿಲ್ಲುತ್ತೆ. ಹುಳಿ ಮೊದಲೇ ಹಾಕಿ.

ಸೊಪ್ಪುಸಾರು, ಹೊಳೆನರಸೀಪುರ

ಮೂಲಂಗಿ ಸೊಪ್ಪಿನ ಬಸ್ಸಾರಿಗೆ ನಮ್ಮ ಕಡೆಯ ಅಳತೆ: ಸೊಪ್ಪು 300 ಗ್ರಾಂ, ಅಲಸಂದೆ ಕಾಳು ಅಥವಾ ತೊಗರಿಬೇಳೆ ಒಂದು ಬಟ್ಟಲು, ನೀರು ನಾಲ್ಕೈದು ಬಟ್ಟಲು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಪಾತ್ರೆ ಮುಚ್ಚದೆ ಐದಾರು ನಿಮಿಷ. ಮುಚ್ಚಿದರೆ ಘಾಟು ಒಳಗೇ ಸುತ್ತಿ ಸಾರು ಒಗರಾಗುತ್ತೆ. ಬಸಿದು, ಹುರಿದ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಸಾರಿನ ಪುಡಿ ಜೊತೆಗೆ ಬೆಂದ ಕಾಳು-ಸೊಪ್ಪು ಎರಡು ಸೌಟು ಹಾಕಿ ರುಬ್ಬಿ, ಬಸಿದ ನೀರಿಗೆ ಸೇರಿಸಿ ಕುದಿಸಿ. ಸೊಪ್ಪು ಒಣಮೆಣಸಿನಕಾಯಿ ಒಗ್ಗರಣೆಗೆ, ಮೇಲೆ ಕಾಯಿತುರಿ.

ಎಳೆ ಎಲೆ ಇರಲಿ. ಹೂವು ಬಿಡೋಕೆ ಬಂದ ಮೂಲಂಗಿಯ ಎಲೆ ಮುಳ್ಳುಮುಳ್ಳಾಗಿ ಗಂಟಲು ಕೆರೆಯುತ್ತೆ, ಎಷ್ಟು ಬೇಯಿಸಿದರೂ ಅಷ್ಟೇ.

ಪಥ್ಯದಕ್ಕ, ಕಡೂರು

ಬಸ್ಸಾರು ಕ್ರಮದ ಬುದ್ಧಿವಂತಿಕೆ ಅದೇ ನೋಡಿ. ಕುದಿಸಿದಾಗ ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ನೀರಿಗೆ ಇಳೀತವೆ. ವಿಟಮಿನ್ ಸಿ ಸ್ವಲ್ಪ ಬಿಸಿಗೆ ಹಾಳಾಗುತ್ತೆ, ಉಳಿದದ್ದು ಸಾರಿನಲ್ಲಿ ಸಿಗುತ್ತೆ. ಅದೇ ಕ್ರಮ ಬೀಟ್ರೂಟ್ ಸೊಪ್ಪಿಗೆ ತಿರುಗುಬಾಣ. ಕುದಿಸಿದಾಗ ಕರಗುವ ಆಕ್ಸಲೇಟ್‌ನಲ್ಲಿ ಸುಮಾರು ಮೂರರಲ್ಲೊಂದು ಪಾಲಿನಿಂದ ಮುಕ್ಕಾಲಿನವರೆಗೂ ನೀರಿಗೆ ಇಳಿಯುತ್ತೆ, ಆ ನೀರನ್ನೇ ಸಾರು ಮಾಡಿದರೆ ಇಳಿಸಿದ್ದನ್ನ ಮತ್ತೆ ಬಟ್ಟಲಿಗೆ ಬಡಿಸಿದ ಹಾಗೆ.

ಬೀಟ್ರೂಟ್ ಸೊಪ್ಪಿಗೆ: ಹೆಚ್ಚಿದ ಎಲೆಯ ಐದು ಪಟ್ಟು ನೀರು, ಕುದಿಯುವಾಗ ಹಾಕಿ ಎರಡು ಮೂರು ನಿಮಿಷ, ಬಸಿದು ಹಿಂಡಿ. ಉಪ್ಪು ಹಾಕದಿದ್ದರೆ ಆ ನೀರು ಆರಿದ ಮೇಲೆ ಕರಿಬೇವಿನ ಬುಡಕ್ಕೆ. ಸೊಪ್ಪನ್ನ ಮೊಸರು ಅಥವಾ ಮಜ್ಜಿಗೆ ಜೊತೆ ತಿನ್ನಿ. ಉಳಿದ ಆಕ್ಸಲೇಟ್ ಹೊಟ್ಟೆಯಲ್ಲೇ ಮೊಸರಿನ ಕ್ಯಾಲ್ಸಿಯಂ ಜೊತೆ ಕಚ್ಚಿಕೊಂಡು ಹೊರಗೆ ಹೋಗುತ್ತೆ, ಮೂತ್ರಪಿಂಡದವರೆಗೆ ಹೋಗಲ್ಲ. ಒಮ್ಮೆ ಕಲ್ಲು ಆಗಿದ್ದವರು ಈ ಸೊಪ್ಪನ್ನ ಬಿಟ್ಟು ಕೋಸಿನ ಎಲೆ ಹಿಡಿಯೋದೇ ವಾಸಿ.

ವಾರ್ಫರಿನ್, ಅಸಿಟ್ರೋಮ್ ತರಹದ ರಕ್ತ ತೆಳುಮಾಡುವ ಮಾತ್ರೆ ತಗೊಳ್ಳೋರಿಗೆ ಎಚ್ಚರ: ಹಸಿ ಬೀಟ್ರೂಟ್ ಸೊಪ್ಪಿನ 100 ಗ್ರಾಂನಲ್ಲಿ ಸುಮಾರು 400 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ. ಒಂದು ವಾರ ತಟ್ಟೆ ತುಂಬ, ಇನ್ನೊಂದು ವಾರ ಏನೂ ಇಲ್ಲ ಅಂದರೆ ಮಾತ್ರೆಯ ಅಳತೆ ತಪ್ಪುತ್ತೆ. ಡಾಕ್ಟರಿಗೆ ಹೇಳಿ ಒಂದೇ ಪ್ರಮಾಣ ಕಾಯ್ದುಕೊಳ್ಳಿ. ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡ ಮೂತ್ರಪಿಂಡದ ರೋಗಿಗಳು ಯಾವ ಎಲೆಯ ಬಸಿದ ನೀರನ್ನೂ ಕುಡಿಯಬಾರದು, ಕೋಸಿನದ್ದಾದರೂ.

ಹಿತ್ತಲಮನೆ, ಅರಕಲಗೂಡು

ಥೈರಾಯ್ಡ್ ಇರೋರು ಕೋಸು ಮುಟ್ಟಲೇಬಾರದು ಅಂತಾರಲ್ಲ? ಎಲೆಗೂ ಅದೇ ನಿಯಮವಾ?

ಪಥ್ಯದಕ್ಕ, ಕಡೂರು

ಅದೇ ಗಂಧಕದ ಸಂಯುಕ್ತಗಳಲ್ಲಿ ಕೆಲವು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರೋದಕ್ಕೆ ಅಡ್ಡ ಬರ್ತವೆ, ನಿಜ. ಅಯೋಡಿನ್ ಕೊರತೆ ಇದ್ದು, ದಿನವೂ ಹಸಿಯಾಗಿ ರಾಶಿ ತಿಂದಾಗ ತೊಂದರೆ. ಬೇಯಿಸಿದ್ದು ವಾರಕ್ಕೆ ಎರಡು ಮೂರು ಸಲ, ಜೊತೆಗೆ ಅಯೋಡಿನ್ ಉಪ್ಪು ಇದ್ದರೆ ಹೆಚ್ಚಿನವರಿಗೆ ಚಿಂತೆ ಇಲ್ಲ. ಜೋರು ಮಳೆ ಬೀಳುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ತೊಳೆದುಹೋಗಿರುತ್ತೆ. ಕಲ್ಲುಪ್ಪಿಗೆ ಮರಳಿರೋ ಮನೆಗಳು ಇದನ್ನ ಗಮನಿಸಿ. ಹಸಿ ಎಲೆ ರುಬ್ಬಿ "ಗ್ರೀನ್ ಜ್ಯೂಸ್" ಕುಡಿಯೋದು ಮಾತ್ರ ಥೈರಾಯ್ಡ್ ಇರೋರಿಗೆ ಬೇಡ.

ಕೋಸು ಬೆಳೆಗಾರ, ಚಿಕ್ಕಮಗಳೂರು ತಾಲ್ಲೂಕು

ಸತ್ವದ ಮಾತು ಇಷ್ಟಾಯ್ತು. ಔಷಧಿ ಹೊಡೆಯೋ ಮಾತು ಯಾರೂ ಎತ್ತಲಿಲ್ಲವಲ್ಲ.

ಹೂಕೋಸಿಗೆ, ಎಲೆಕೋಸಿಗೆ ದೊಡ್ಡ ಶತ್ರು ಡೈಮಂಡ್‌ಬ್ಯಾಕ್ ಪತಂಗದ ಹಸಿರು ಹುಳ. ಎಲೆ ಅಡಿಯಲ್ಲಿ ಕೂತು ಜರಡಿ ಮಾಡಿಬಿಡುತ್ತೆ. ಅದಕ್ಕೆ ಹೊಡೆದ ಔಷಧಿ ಮೊದಲು ಬೀಳೋದೇ ಹೊರಗಿನ ಎಲೆಗೆ. ಎಲೆ ತಿನ್ನೋ ಬೆಳೆ ಅಂತ ಲೆಕ್ಕ ಹಾಕಿ ಯಾರೂ ಹೂಕೋಸಿಗೆ ಔಷಧಿ ಹೊಡೆಯಲ್ಲ. ಮೊನೊಕ್ರೊಟೊಫಾಸ್ ತರಕಾರಿಗೆ ಬಳಸೋದು 2005ರಿಂದಲೇ ನಿಷೇಧ. ಉಳಿದ ಪ್ರತಿ ಔಷಧಿಯ ಡಬ್ಬಿ ಮೇಲೂ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಬರೆದಿರುತ್ತೆ. ಬೆಳೆದವರ ಕೈಯಿಂದಲೇ ಕೊಳ್ಳೋದಾದರೆ "ಕೊನೆ ಹೊಡೆತ ಯಾವಾಗ?" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡ್ಕೊಳಲ್ಲ.

ಪೇಟೆಯಿಂದ ತಂದ ಹೂಕೋಸಿನಲ್ಲಿ ಹೊರಗಿನ ಮೂರು ನಾಲ್ಕು ದೊಡ್ಡ ಎಲೆ ಗೊಬ್ಬರದ ಗುಂಡಿಗೆ. ಹೂವಿಗೆ ಅಂಟಿಕೊಂಡ ತಿಳಿಹಸಿರು ಎಳೆ ಎಲೆ ಅಡುಗೆಗೆ. ಹೂವು ಬಿಳಿ ಇರಲಿ ಅಂತ ಎಲೆ ಮಡಚಿ ಹೂವಿನ ಮೇಲೆ ಕಟ್ಟೋ ಪದ್ಧತಿ ಇದೆ. ಹಾಗೆ ಕಟ್ಟಿದ ಬೆಳೆಯಲ್ಲಿ ಒಳಗಿನ ಎಲೆಗೆ ಔಷಧಿ ತಾಗೋದು ಕಮ್ಮಿ.

ರಸಾಯನದ ಮೇಷ್ಟ್ರು, ಹಾಸನ

ಗೌಡ್ರು ಹೇಳಿದ್ದರಲ್ಲಿ ಒಂದು ಇಕ್ಕಟ್ಟು ಇದೆ. ಬಿಸಿಲು ಬಿದ್ದ ಹೊರ ಎಲೆಯಲ್ಲೇ ಲ್ಯೂಟಿನ್, ಫ್ಲೇವನಾಯ್ಡ್ ಜಾಸ್ತಿ. ಮುಚ್ಚಿದ ಒಳ ಎಲೆಯಲ್ಲಿ ಕಮ್ಮಿ. ಹಿತ್ತಲಲ್ಲಿ ಔಷಧಿ ಇಲ್ಲದೆ ಬೆಳೆದದ್ದಾದರೆ ಹೊರಗಿನದ್ದನ್ನೇ ತಿನ್ನಿ. ಪೇಟೆಯದ್ದಾದರೆ ಒಳಗಿನದ್ದಕ್ಕೆ ತೃಪ್ತಿಪಡಿ.

ತೊಳೆಯೋದು: ಮೊದಲು ಹರಿಯೋ ನೀರಿನಲ್ಲಿ ಎಲೆಯ ಎರಡೂ ಮಗ್ಗುಲು, ಬುಡದ ಕುಳಿಯಲ್ಲಿನ ಮರಳು ಬೆರಳು ಹಾಕಿ ತೆಗೀರಿ. ಆಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ, ಅಂದರೆ ಸುಮಾರು 10 ಗ್ರಾಂ, ಕಲಸಿ 12ರಿಂದ 15 ನಿಮಿಷ ಮುಳುಗಿಸಿ, ಮತ್ತೆ ತೊಳೀರಿ. ಸೇಬಿನ ಸಿಪ್ಪೆ ಮೇಲಿನ ಎರಡು ಔಷಧಿಗಳ ಮೇಲೆ ಈ ಪ್ರಮಾಣ ಚೆನ್ನಾಗಿ ಕೆಲಸ ಮಾಡಿದ್ದು 2017ರಲ್ಲಿ ಪ್ರಕಟವಾಗಿದೆ. ಎಲೆಗೆ ಅಷ್ಟೇ ಫಲ ಅಂತ ಅಲ್ಲ. ಹುಳ, ಹೇನು ಬಿಡಿಸೋಕೆ ಉಪ್ಪುನೀರು ಸಾಕು. ಗಿಡದೊಳಗೆ ಹೀರಿಕೊಂಡ ಔಷಧಿ ಯಾವ ತೊಳೆತಕ್ಕೂ ಹೋಗಲ್ಲ. ಹೆಚ್ಚಿದ ಮೇಲೆ ಮಾತ್ರ ನೆನೆಸಬೇಡಿ, ಸತ್ವ ನೀರುಪಾಲು.

ಸೊಪ್ಪುಸಾರು, ಹೊಳೆನರಸೀಪುರ

ಅಂದ್ರೆ ಮೂಲ ಗೊತ್ತಿಲ್ಲದ ಕೋಸಿನೆಲೆಯ ಬಸಿದ ನೀರನ್ನೂ ಸಾರು ಮಾಡಬೇಕಾ ಮೇಷ್ಟ್ರೇ? ನೀವು ಮೊದಲು ಹಾಕಿದ ಗೆರೆ ಇಲ್ಲಿ ಅಳಿಸಿಹೋಯ್ತಲ್ಲ.

ರಸಾಯನದ ಮೇಷ್ಟ್ರು, ಹಾಸನ

ಒಪ್ಪಿದೆ. ನನ್ನ ಮಾತಿಗೆ ತಿದ್ದುಪಡಿ: ಮೂಲ ಗೊತ್ತಿಲ್ಲದ್ದಾದರೆ ಕುದಿಯೋ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಆ ನೀರು ಚೆಲ್ಲಿ, ಆಮೇಲೆ ಹೊಸ ನೀರಿನಲ್ಲಿ ಬೇಯಿಸಿ ಬಸೀರಿ. ಸ್ವಲ್ಪ ವಿಟಮಿನ್ ಸಿ ಹೋಗಲಿ. ಮೂಲ ಗೊತ್ತಿದ್ದರೆ ಮೊದಲ ನೀರೇ ಸಾರಿಗೆ.

ಆಲೂ ಹೊಲ, ಹಾಸನ

ಹೊಸಬರು ಯಾರಾದರೂ ಓದ್ತಿದ್ದರೆ ಎಚ್ಚರಿಕೆ. "ತರಕಾರಿ ಎಲೆ ಎಲ್ಲಾ ತಿನ್ನಬಹುದು" ಅಂತ ಅರ್ಥ ಮಾಡ್ಕೋಬೇಡಿ. ನಮ್ಮ ಜಿಲ್ಲೆ ತುಂಬ ಮುಂಗಾರಿನಲ್ಲಿ ಆಲೂಗಡ್ಡೆ ನಿಂತಿರುತ್ತೆ, ಸೊಪ್ಪು ನೋಡೋಕೆ ಎಷ್ಟು ಸೊಂಪು! ಅದರಲ್ಲಿ ಸೋಲನಿನ್, ಚಾಕೊನಿನ್ ಅನ್ನೋ ವಿಷ ಇದೆ. ಕುದಿಸಿದರೂ ಹೋಗಲ್ಲ. ವಾಂತಿ, ಭೇದಿ, ಹೊಟ್ಟೆನೋವು, ಜಾಸ್ತಿಯಾದರೆ ನರಕ್ಕೂ ಪೆಟ್ಟು. ಹಸಿರು ತಿರುಗಿದ ಗಡ್ಡೆ, ಮೊಳಕೆಯಲ್ಲೂ ಅದೇ. ಟೊಮೆಟೊ, ಬದನೆ ಎಲೆಯೂ ಅಡುಗೆಗೆ ಬೇಡ. ಅಂಗಮಾರಿಗೆ ಹೊಡೆದ ಔಷಧಿ ಬೇರೆ ಆ ಎಲೆ ಮೇಲೆ ಕೂತಿರುತ್ತೆ. ದನಕ್ಕೂ ಹಾಕಬೇಡಿ.

ಗೆಣಸಿನ ಸೊಪ್ಪು ಮಾತ್ರ ಆಲೂಗಡ್ಡೆ ಜಾತಿ ಅಲ್ಲ. ಅದನ್ನ ಧಾರಾಳವಾಗಿ ತಿನ್ನಬಹುದು.

ರಸಾಯನದ ಮೇಷ್ಟ್ರು, ಹಾಸನ

ಗೆಣಸಿನ ಸೊಪ್ಪಿನ ಮುಖ್ಯ ಸತ್ವ ಕೆಫಿಯಾಯ್ಲ್‌ಕ್ವಿನಿಕ್ ಆಮ್ಲಗಳು. ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲ ಇದೇ ಮನೆತನದ್ದು. ಕುಡಿ ಮತ್ತು ಮೇಲಿನ ನಾಲ್ಕೈದು ಎಲೆ ಕಿತ್ತರೆ ಗಡ್ಡೆಗೆ ತೊಂದರೆ ಇಲ್ಲ, ಇಡೀ ಬಳ್ಳಿ ಬೋಳಿಸಿದರೆ ಗಡ್ಡೆ ಸಣ್ಣದಾಗುತ್ತೆ.

ಕಳಸದ ಅಡುಗೆಮನೆ

ಕುಂಬಳದ ಕುಡಿಯೂ ಹಾಗೇ. ತುದಿಯಿಂದ ಮೂರು ಎಲೆವರೆಗೆ, ದಂಟಿನ ನಾರು ಬುಡದಿಂದ ಎಳೆದು ತೆಗೆದರೆ ಜುಂಗು ಪೂರ್ತಿ ಬರುತ್ತೆ. ಸೋರೆ, ಕುಂಬಳ ಯಾವುದೇ ಎಲೆ ನಾಲಿಗೆಗೆ ಸಿಕ್ಕಾಪಟ್ಟೆ ಕಹಿ ಅನ್ನಿಸಿದರೆ ಪಾತ್ರೆಗೆ ಹಾಕಲೇಬೇಡಿ, ಆ ಕಹಿ ಹೊಟ್ಟೆ ಕೆಡಿಸುತ್ತೆ.

ಕ್ಯಾರೆಟ್ ಜುಟ್ಟಿನ ಚಟ್ನಿ ಕೇಳೋರಿಗೆ: ದಂಟು ಬಿಟ್ಟು ಗರಿ ಮಾತ್ರ ಎರಡು ಹಿಡಿ, ಕಡಲೆಬೇಳೆ ಒಂದು ದೊಡ್ಡ ಚಮಚ, ಉದ್ದಿನಬೇಳೆ ಒಂದು ಚಮಚ, ಬ್ಯಾಡಗಿ ನಾಲ್ಕೈದು, ಕಾಲು ಹೋಳು ಕಾಯಿ, ಹುಣಸೆ, ಬೆಲ್ಲ, ಇಂಗು. ಗರಿಯನ್ನ ಎರಡು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗಿ ಮುದುಡುವವರೆಗೆ ಬಾಡಿಸಿ. ಅಲ್ಲೇ ನಿಲ್ಲಿಸಿ, ಗರಿಗರಿ ಆದರೆ ಕಹಿ ಏರುತ್ತೆ. ಎಣ್ಣೆ ಕಮ್ಮಿ ಮಾಡೋಕೆ ಹೋಗಬೇಡಿ.

ಪಥ್ಯದಕ್ಕ, ಕಡೂರು

ಎಣ್ಣೆ ಬೇಕೇಬೇಕು. ಲ್ಯೂಟಿನ್, ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗೋವು. ಎಣ್ಣೆಯೋ ಕಾಯಿಯೋ ಇಲ್ಲದೆ ಬೇಯಿಸಿ ತಿಂದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತೆ.

ಕೋಸು ಬೆಳೆಗಾರ, ಚಿಕ್ಕಮಗಳೂರು ತಾಲ್ಲೂಕು

ಕ್ಯಾರೆಟ್ ಸಾಲಿನಿಂದ ಜುಟ್ಟು ಕೀಳುವಾಗ ಪಾರ್ಥೇನಿಯಂ ಅನ್ನೋ ವಿಷದ ಕಳೆಯ ಸಸಿ ಬೆರೆಯದ ಹಾಗೆ ನೋಡಿ. ಎಳೆಯದು ಕ್ಯಾರೆಟ್ ಎಲೆ ಹಾಗೇ ಕಾಣುತ್ತೆ, ಉತ್ತರದ ಕಡೆ ಅದನ್ನ ಗಾಜರ್ ಘಾಸ್ ಅಂತಲೇ ಕರೀತಾರೆ. ಉಜ್ಜಿ ಮೂಸಿದರೆ ಗೊತ್ತಾಗುತ್ತೆ, ಕ್ಯಾರೆಟ್ ಎಲೆ ಕ್ಯಾರೆಟ್ ವಾಸನೆಯೇ ಬರುತ್ತೆ.

ಒಣಸೊಪ್ಪು, ಅರಸೀಕೆರೆ

ಸಂತೆ ದಿನ ರಾಶಿ ಸಿಗುತ್ತೆ, ಎರಡು ದಿನಕ್ಕೆ ಹಳದಿ. ಒಣಗಿಸಿ ಇಟ್ಟುಕೊಳ್ಳೋದೇ ದಾರಿ. ದಂಟು ತೆಗೆದ ಮೂಲಂಗಿ ಎಲೆ ಒಂದು ಕೆಜಿಗೆ ಹೆಚ್ಚುಕಮ್ಮಿ 100 ಗ್ರಾಂ ಒಣಸೊಪ್ಪು ಬರುತ್ತೆ.

ಐದು ಲೀಟರ್ ಕುದಿಯೋ ನೀರು, ಒಂದು ಸಲಕ್ಕೆ ಕಾಲು ಕೆಜಿ ಎಲೆ, ಒಂದೂವರೆ ನಿಮಿಷ, ತಕ್ಷಣ ತಣ್ಣೀರಿಗೆ. ಒಂದೇ ಸಲ ಪೂರ್ತಿ ತುಂಬಿದರೆ ನೀರಿನ ಕುದಿ ನಿಂತು, ಎಲೆ ಹದವಾಗೋ ಬದಲು ಬೆಂದುಹೋಗುತ್ತೆ. ಹಿಂಡಿ, ಬಟ್ಟೆ ಮೇಲೆ ಒಂದೇ ಪದರ ಹರವಿ ನೆರಳಲ್ಲಿ ಗಾಳಿಗೆ ಬಿಡಿ. ನೇರ ಬಿಸಿಲಿಗೆ ಇಟ್ಟರೆ ಬಣ್ಣ ಬಿಳಚುತ್ತೆ, ಕ್ಯಾರೋಟಿನ್ ಹೋಗುತ್ತೆ. ಡ್ರೈಯರ್ ಇದ್ದರೆ 55 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ. ನಡುನಾರು ಮುರಿದಾಗ ಟಕ್ ಅಂತ ಶಬ್ದ ಬರಬೇಕು. ಬಾಗಿದರೆ ಇನ್ನೂ ತೇವ ಇದೆ, ಡಬ್ಬಿಗೆ ಹಾಕಿದರೆ ಬೂಷ್ಟು. ಸ್ಟೀಲ್ ಡಬ್ಬಿ ಇರಲಿ, ಗಾಜಿನದ್ದಾದರೆ ಬೆಳಕಿಗೆ ಬಣ್ಣ ಇಳಿಯುತ್ತೆ.

ಈ ಬಿಸಿಕುದಿಯಲ್ಲಿ ಕಿಣ್ವ ಸಾಯುತ್ತೆ, ಹಾಗಾಗಿ ಒಣಸೊಪ್ಪಿಗೆ ಮೇಷ್ಟ್ರ ಹಸಿ ಸಾಸಿವೆ ಕ್ರಮ ಬೇಕೇ ಬೇಕು ಅನ್ಸುತ್ತೆ.

ಕಳಸದ ಅಡುಗೆಮನೆ

ಅರಸೀಕೆರೆ, ಕಡೂರಿನ ಒಣಗಾಳಿಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಸ, ಮೂಡಿಗೆರೆ ಕಡೆ ನೆರಳಿಗಿಟ್ಟರೆ ಎಲೆ ಒಣಗೋ ಮೊದಲು ಕೊಳೆಯುತ್ತೆ. ಒಲೆ ಮೇಲಿನ ಅಟ್ಟವೋ ಡ್ರೈಯರೋ ಇಲ್ಲದಿದ್ದರೆ ಆ ನಾಲ್ಕು ತಿಂಗಳು ಪ್ರಯತ್ನವೇ ಬೇಡ.

ರಸಾಯನದ ಮೇಷ್ಟ್ರು, ಹಾಸನ

ಮಳೆಗಾಲಕ್ಕೆ ಸೇರಿದ್ದೇ ಇನ್ನೊಂದು: ಮೋಡದ ದಿನಗಳಲ್ಲಿ, ಯೂರಿಯಾ ಜಾಸ್ತಿ ಬಿದ್ದ ಹೊಲದಲ್ಲಿ ಎಲೆಯೊಳಗೆ ನೈಟ್ರೇಟ್ ಕೂಡಿಕೊಳ್ಳುತ್ತೆ. ಹೆಚ್ಚು ಇರೋದು ದಂಟು, ನಡುನಾರಿನಲ್ಲಿ. ಮಧ್ಯಾಹ್ನ ಬಿಸಿಲು ಕಂಡ ಮೇಲೆ ಕೊಯ್ದರೆ ಕಮ್ಮಿ. ದೊಡ್ಡವರಿಗೆ ಮಿತವಾಗಿದ್ದರೆ ನೈಟ್ರೇಟ್ ರಕ್ತದೊತ್ತಡಕ್ಕೆ ಒಳ್ಳೇದೇ ಮಾಡುತ್ತೆ. ಆದರೆ ಬೆಂದ ಸೊಪ್ಪನ್ನ ರಾತ್ರಿಯಿಡೀ ಹೊರಗಿಟ್ಟರೆ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತವೆ. ಎಳೆ ಕೂಸುಗಳಿಗೆ ಅದು ಅಪಾಯ. ಮಿಕ್ಕಿದ್ದು ಆರಿದ ಕೂಡಲೇ ಫ್ರಿಜ್ಜಿಗೆ.

ಹಾಲುಕೊಟ್ಟಿಗೆ, ಚನ್ನರಾಯಪಟ್ಟಣ

ದನಕ್ಕೆ ಹಾಕೋರಿಗೆ ಎರಡು ಮಾತು. ಕೋಸಿನೆಲೆ, ಮೂಲಂಗಿ ಸೊಪ್ಪು ಹಾಲು ಕರೆದ ಮೇಲೆ ಹಾಕಿ. ಕರೆಯೋ ಮುಂಚೆ ಹಾಕಿದರೆ ಹಾಲಿಗೆ ವಾಸನೆ ಏರಿ ಡೇರಿಯಲ್ಲಿ ತಕರಾರು. ಅರ್ಧ ದಿನ ಬಾಡಿಸಿ, ಒಣಹುಲ್ಲಿನ ಜೊತೆ ಬೆರೆಸಿ ಕೊಡಿ, ಹಸಿಯದ್ದೇ ರಾಶಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತೆ. ಬೀಟ್ರೂಟ್ ಸೊಪ್ಪು ಕರು ಹಾಕಿದ ಹೊಸದರಲ್ಲಿ ಬೇಡ, ಕ್ಯಾಲ್ಸಿಯಂ ಮೊದಲೇ ಇಳಿದಿರುತ್ತೆ.

ಹಿತ್ತಲಮನೆ, ಅರಕಲಗೂಡು

ಎಲ್ಲರಿಗೂ ಶರಣು. ಕೊನೇದೊಂದು: ಗಡ್ಡೆ ಜೊತೆ ಎಲೆ ಹಾಗೇ ಇಟ್ಟರೆ ಎರಡು ದಿನಕ್ಕೆ ಮೂಲಂಗಿ ಬೆಂಡಾಗುತ್ತೆ. ಕತ್ತರಿಸಿ ಇಟ್ಟರೆ ಎಲೆ ಬಾಡುತ್ತೆ. ಯಾವುದು ಸರಿ?

ಸೊಪ್ಪುಸಾರು, ಹೊಳೆನರಸೀಪುರ

ಕತ್ತರಿಸೋದೇ. ಎಲೆ ಗಡ್ಡೆಯ ನೀರು ಎಳೀತಾನೇ ಇರುತ್ತೆ. ಮನೆಗೆ ಬಂದ ತಕ್ಷಣ ಗಡ್ಡೆ ಮೇಲೆ ಅರ್ಧ ಬೆರಳು ದಂಟು ಬಿಟ್ಟು ಕತ್ತರಿಸಿ. ಎಲೆ ತೊಳೀಬೇಡಿ, ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಸುತ್ತಿ ಫ್ರಿಜ್ಜಿನ ಕೆಳಖಾನೆಗೆ. ಎರಡು ಮೂರು ದಿನ ಬರುತ್ತೆ. ಗಡ್ಡೆ ಇನ್ನೊಂದು ವಾರ ಕಾಯುತ್ತೆ, ಸೊಪ್ಪು ಮೊದಲು ಖಾಲಿ ಮಾಡಿ.